ಬಸ್ಸಿಗೆ ಕೊಟ್ಟ ಮಗ

ಮಾರ್ಬರಿ, ಇಲಿನಾಯ್
18 ಮೇ 1953

ಎಲ್ಡನ್,

ನೀನು ಬಿಟ್ಟುಹೋದ ಉಣ್ಣೆಯ ಕಾಲುಚೀಲಗಳನ್ನೂ ನಿನ್ನ ಹಳೆಯ ಕೈಗವಸನ್ನೂ ಈ ಪೊಟ್ಟಣದಲ್ಲಿ ಕಳಿಸಿದ್ದೇನೆ. ಕೈಗವಸು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದು ನನಗೆ ಗೊತ್ತು. ಆದರೆ ಕ್ಯಾಚರ್ ಆದವನು ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ದಿನವಿಡೀ ಪಿಚರ್ ಎಸೆದ ಚೆಂಡು ಹಿಡಿಯಬೇಕು. ಹೊಸ ಕೈಗವಸು ಪಳಗುವಷ್ಟರಲ್ಲಿ ಬೆರಳು ಮುರಿದೀತು. ಸಿಟ್ಟನ್ನು ನನ್ನ ಮೇಲೆ ಇಟ್ಟುಕೋ, ಬೆರಳಿನ ಮೇಲೆ ಬೇಡ.

ಸುದ್ದಿಯನ್ನು ನಾನೇ ಹೇಳದೆ ಮ್ಯಾನೇಜರ್ ಕ್ಲೀಟಸ್ ಬಾಮ್ ಬಾಯಿಂದ ಹೇಳಿಸಿದೆನೆಂದು ನಿನಗೆ ನೋವಾಗಿದೆಯಂತೆ. ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟಾಗ ಮ್ಯಾನೇಜರ್ ಹೇಳುವುದೇ ಪದ್ಧತಿ. ಒಡತಿಯ ಮಗನೆಂದು ನಿನಗೊಂದು ಪದ್ಧತಿ ಮಾಡಿದರೆ ಉಳಿದ ಹುಡುಗರ ಮುಂದೆ ನಾನು ತಲೆ ಎತ್ತುವುದು ಹೇಗೆ?

ಬಸ್ಸು ಹಾರ್ಪರ್ ದಿಣ್ಣೆಯ ಮೇಲೆ ಸತ್ತದ್ದನ್ನು ನೀನೂ ನೋಡಿದ್ದೀಯ. ಇಳಿದು ತಳ್ಳಿದವರಲ್ಲಿ ನೀನೇ ಮುಂದೆ ಇದ್ದೆ. ಮರುದಿನ ಫೇರ್‌ಲೀಯಲ್ಲಿ ಆಟವಿತ್ತು. ತಂಡ ಹೋಗದಿದ್ದರೆ ಏನಾಗುತ್ತಿತ್ತು? ಆಟಕ್ಕೆ ಬಾರದ ತಂಡ ಸೋತಿತೆಂದು ಅಂಪೈರ್ ಸಾರುತ್ತಾನೆ. ಪತ್ರಿಕೆಯವರು ಒಂಬತ್ತು–ಸೊನ್ನೆ ಎಂದು ಹಾಕುತ್ತಾರೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ನಾಚಿಕೆಯ ಅಂಕೆ ಇಲ್ಲ. ನಿನ್ನ ಅಪ್ಪ ಸಾಯುವವರೆಗೂ ಈ ತಂಡ ನಡೆಸಿದರು. ಪ್ರವಾಹದ ವರ್ಷ ಹುಡುಗರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಆಡಿಸಿ, ಹದಿನೆಂಟು–ಎರಡರಲ್ಲಿ ಸೋತು, ಅದೇ ದೋಣಿಯಲ್ಲಿ ಹಾಡಿಕೊಂಡು ಬಂದರು. ಆಡದೆ ಒಮ್ಮೆಯೂ ಸೋಲಲಿಲ್ಲ. ಲೀಗಿನ ಹೊಸ ನಿಯಮವೂ ನಿನಗೆ ಗೊತ್ತಿದೆ: ಒಂದೇ ಒಂದು ಆಟಕ್ಕೆ ತಂಡ ಬಾರದಿದ್ದರೂ ಮುಂದಿನ ವರ್ಷ ಆ ಊರಿಗೆ ತಂಡವಿಲ್ಲ.

ಕೊಲ್ಟನ್ ತಂಡದ ಒಡೆಯ ಹೇಗುಡ್ ಹೊಸ ಬಸ್ಸು ತಂದಿದ್ದ. ಹಳೆಯದು ಅವನ ಮೇಜು–ಕುರ್ಚಿ ಅಂಗಡಿಯ ಹಿಂದೆ ನಿಂತಿತ್ತು. ಫೋನು ಮಾಡಿದೆ.

"ಬಸ್ಸು ತಗೊಂಡ್ ಹೋಗಿ ಮಿಸೆಸ್ ರೀಮರ್. ನಂಗೆ ದುಡ್ಡು ಬೇಡ, ಒಬ್ಬ ಕ್ಯಾಚರ್ ಬೇಕು," ಅಂದ.

"ನಮ್ಮಲ್ಲಿ ಇಬ್ಬರಿದ್ದಾರೆ. ಯಾರು ಬೇಕು?" ಅಂದೆ.

"ನಿಮ್ಮಲ್ಲಿರೋದು ಒಬ್ಬನೇ. ಇನ್ನೊಬ್ಬ ಚೆಂಡು ಕಂಡ್ರೆ ಹೆದರ್ತಾನೆ."

ಅದು ಸುಳ್ಳಲ್ಲ. ಬೆಳಗ್ಗೆ ಬಸ್ಸು ಬಂತು. ಹುಡುಗರು ಹೋಗಿ ಆಡಿದರು. ಸೋತರು.

ಕ್ಷಮೆ ಕೇಳಲು ಈ ಪತ್ರ ಬರೆದಿಲ್ಲ. ಕಾಲುಚೀಲವನ್ನು ಬಿಸಿನೀರಿನಲ್ಲಿ ಒಗೆಯಬೇಡ, ಕುಗ್ಗುತ್ತದೆ.

ನಿನ್ನ ತಾಯಿ,
ಆಗಸ್ಟಾ ರೀಮರ್


ಕೊಲ್ಟನ್
29 ಮೇ 1953

ಮಿಸೆಸ್ ರೀಮರ್ ಅವರಿಗೆ,

ಪೊಟ್ಟಣ ತಲುಪಿತು.

ಇಲ್ಲಿ ನನ್ನನ್ನು ಯಾರೂ ಎಲ್ಡನ್ ಎನ್ನುವುದಿಲ್ಲ. ನನ್ನ ಹೆಸರು ಬಸ್ಸು. "ಏ ಬಸ್ಸು, ಬೆಳಗ್ಗೆ ಪೆಟ್ರೋಲ್ ಕುಡಿದ್ಯೇನೋ?" "ಲೇ ಬಸ್ಸು, ಬಾಗಿಲ ಹತ್ರ ನಿಲ್ಬೇಡ, ಜನ ಹತ್ಬಿಡ್ತಾರೆ." ಇದು ಬಟ್ಟೆ ಬದಲಿಸುವ ಕೋಣೆಯ ಮಾತು. ಅಂಗಣದಲ್ಲಿ ಇನ್ನೂ ಚೆನ್ನಾಗಿದೆ. ಇಲ್ಲಿಯ ಜನ ಬೇಲಿಯ ಆಚೆ ಕಾರು ನಿಲ್ಲಿಸಿಕೊಂಡು ಆಟ ನೋಡುತ್ತಾರೆ. ನಾನು ಬ್ಯಾಟು ಹಿಡಿದು ಬಂದರೆ ಸಾಕು, ಎಲ್ಲರೂ ಒಟ್ಟಿಗೆ ಹಾರನ್ನು ಒತ್ತುತ್ತಾರೆ. ಮೊದಲ ದಿನ ಎದುರು ತಂಡದ ಪಿಚರ್ ನಕ್ಕು ನಕ್ಕು ಎಸೆಯಲಾರದೆ ಕೂತುಬಿಟ್ಟ.

ಆಟಗಾರನನ್ನು ಆಟಗಾರನಿಗೆ ಕೊಡುವುದನ್ನು ಕೇಳಿದ್ದೆ. ಬೇಲಿಯ ಹಲಗೆಗೆ ಕೊಟ್ಟದ್ದನ್ನೂ ಕೇಳಿದ್ದೆ. ಅವರ್‍ಯಾರೂ ಕೊಟ್ಟವರ ಮಕ್ಕಳಾಗಿರಲಿಲ್ಲ.

ನಿಮ್ಮ ಬಸ್ಸು ಹೇಗಿದೆ? ನನಗಿಂತ ವೇಗವಾಗಿ ಓಡುತ್ತಿರಬೇಕು. ನಾನು ಯಾವಾಗಲೂ ನಿಧಾನ.

ಇತಿ,
ಇ. ರೀಮರ್


ಮಾರ್ಬರಿ
14 ಜೂನ್ 1953

ಎಲ್ಡನ್,

ಬಸ್ಸು ಹೇಗಿದೆ ಎಂದು ಕೇಳಿದ್ದೀಯ. ಕೇಳಿದ್ದಕ್ಕೆ ಉತ್ತರ ಕೊಡುವುದು ನನ್ನ ರೂಢಿ. ಹಿಂದಿನ ಸೀಟು ಸೋರುತ್ತದೆ. ದಿಣ್ಣೆ ಹತ್ತುವಾಗ ಕೆಮ್ಮುತ್ತದೆ, ಆದರೆ ಹತ್ತುತ್ತದೆ. ಹಾರನ್ನು ಮಾತ್ರ ಶನಿಯಾಗಿತ್ತು. ತಾನಾಗಿ ಕೂಗುತ್ತಿತ್ತು. ತಿರುವಿನಲ್ಲಿ ಕೂಗಿತು, ಚರ್ಚಿನ ಮುಂದೆ ಪ್ರಾರ್ಥನೆಯ ಹೊತ್ತಿಗೆ ಕೂಗಿತು, ಮಿಲ್ಲರ್ ಮುದುಕಿಯ ಶವಯಾತ್ರೆಯ ಹಿಂದೆ ಮೈಲಿಯುದ್ದಕ್ಕೂ ಕೂಗಿತು. ಕೊನೆಗೆ ಓರ್ವಿಲ್‌ನಿಗೆ ಹೇಳಿ ವೈರು ಕಿತ್ತು ಹೊಸದು ಹಾಕಿಸಿದೆ. ಅಂಗಣದ ಹುಲ್ಲನ್ನು ಸಾಕಿದಷ್ಟೇ ಮುತುವರ್ಜಿಯಿಂದ ಅವನು ಬಸ್ಸನ್ನೂ ಸಾಕುತ್ತಾನೆ. ಈಗ ಎರಡೂ ಅಂಗೈ ಊರಿ ಒತ್ತಿದರೆ ಮಾತ್ರ ಕೂಗುತ್ತದೆ, ಅದೂ ನಡುವೆ ಒಮ್ಮೆ ಉಸಿರು ಕಟ್ಟಿದವರ ಹಾಗೆ ನಿಂತು.

ತಂಡದ ವಿಷಯ ನೀನು ಕೇಳಿಲ್ಲ. ಪತ್ರಿಕೆಯಲ್ಲಿ ಕೊನೆಯ ಸಾಲು ನೋಡು, ನಾವು ಅಲ್ಲಿರುತ್ತೇವೆ.

ಅಗಸರವನಿಗೆ ಕೊಡುವುದನ್ನು ನಿಲ್ಲಿಸಿ ಹುಡುಗರ ಬಟ್ಟೆಗಳನ್ನು ಈಗ ನಾನೇ ಒಗೆಯುತ್ತಿದ್ದೇನೆ. ಗೆದ್ದವರ ಬಟ್ಟೆಗೂ ಸೋತವರ ಬಟ್ಟೆಗೂ ಕೊಳೆ ಒಂದೇ ಎಂದುಕೊಂಡಿದ್ದೆ. ಅಲ್ಲ. ಸೋತವರ ಚಡ್ಡಿಯ ಹಿಂಭಾಗ ಮಲ್ಲಿಗೆಯಷ್ಟು ಬೆಳ್ಳಗಿರುತ್ತದೆ. ಬೇಸಿನ ಗುರುತು ಮುಟ್ಟಲು ಓಡಿ ನೆಲದ ಮೇಲೆ ಜಾರುವ ಪ್ರಸಂಗವೇ ಬಂದಿರುವುದಿಲ್ಲ. ಬೆವರು ಮಾತ್ರ ಅವರಿಗೆ ಹೆಚ್ಚು.

ನಿನ್ನ ಜಾಗದಲ್ಲಿ ಈಗ ವೆಂಡೆಲ್ ಕೂರುತ್ತಾನೆ. ಚೆಂಡು ಬರುವಾಗ ಕಣ್ಣು ಮುಚ್ಚುತ್ತಾನೆ. ನಾನು ಅದನ್ನು ಎತ್ತಿ ಹೇಳಿದಾಗ ಕ್ಲೀಟಸ್ ಬಾಮ್ ತಂಬಾಕು ಉಗುಳಿ, "ಬಿಡಿ ಮಿಸೆಸ್ ರೀಮರ್, ದೇವ್ರ ಧ್ಯಾನ ಮಾಡ್ಕೋತಾನೆ. ನಮ್ಮ ತಂಡದಲ್ಲಿ ಒಬ್ಬನಾದ್ರೂ ಮಾಡ್ಲಿ," ಅಂದ. ಕ್ಲೀಟಸ್‌ನ ಬೆನ್ನು ಈ ತಿಂಗಳಲ್ಲಿ ಬಾಗಿದೆ. ನಲವತ್ತನಾಲ್ಕರ ಮನುಷ್ಯ, ಆಳು ಸಾಲದೆ ತಾನೇ ಒಂದನೆಯ ಬೇಸಿನಲ್ಲಿ ನಿಲ್ಲುತ್ತಿದ್ದಾನೆ.

ನಿನ್ನ ಸಹಿಯಲ್ಲಿ ಹೆಸರು ಪೂರ್ತಿ ಬರೆ. ಬ್ಯಾಂಕಿನವರು ಬರೆದ ಹಾಗಿತ್ತು.

ನಿನ್ನ ತಾಯಿ,
ಆಗಸ್ಟಾ ರೀಮರ್


ಮಾರ್ಬರಿ
13 ಜುಲೈ 1953

ಎಲ್ಡನ್,

ಹಿಂದಿನ ಪತ್ರಕ್ಕೆ ಉತ್ತರ ಬರಲಿಲ್ಲ. ನೀನೇ ಬಂದೆ, ನಿನ್ನ ತಂಡದೊಂದಿಗೆ. ಟಿಕೆಟ್ ಕಿಟಕಿಯ ಮುಂದೆಯೇ ಹಾದುಹೋದೆ. ನನ್ನ ಕಡೆ ತಿರುಗದಿರಲು ನೀನು ಪಟ್ಟ ಕಷ್ಟ ನೋಡಿದರೆ ಕುತ್ತಿಗೆ ಉಳುಕಿದೆಯೇನೋ ಅನ್ನಿಸಿತು.

ಐದನೆಯ ಇನಿಂಗ್ಸಿನಲ್ಲಿ ನೀನು ಹೋಮ್ ರನ್ ಹೊಡೆದಾಗ ನಮ್ಮ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ವರ್ಷ ನನ್ನ ತಂಡಕ್ಕಾಗಿ ಅವರು ಒಮ್ಮೆಯೂ ಎದ್ದು ನಿಂತಿಲ್ಲ, ಮನೆಗೆ ಹೊರಡುವಾಗ ಬಿಟ್ಟರೆ. ನಾನು ನೋಡಲಿಲ್ಲ. ಕಿಟಕಿ ಹಾಕಿಕೊಂಡು ಲೆಕ್ಕ ನೋಡುತ್ತಿದ್ದೆ. ಚೆಂಡು ಎಡಬೇಲಿಯ ಮೇಲಿಂದ ಹೋಗಿ ಇಟ್ಟಿಗೆ ಕಾರ್ಖಾನೆಯ ಚಿಮಣಿಗೆ ತಾಗಿ, ಎರಡು ಪುಟ ನೆಗೆದು ಕಲ್ಲಿದ್ದಲ ರಾಶಿಯ ಹಿಂದೆ ಬಿತ್ತು.

ಮುದುಕ ಟೈಸ್ ಯಾವಾಗಿನಂತೆ ಮೂರನೆಯ ಬೇಸಿನ ಹಿಂದೆ ತನ್ನ ಊರುಗೋಲು ಚಾಚಿಕೊಂಡು ಕೂತಿದ್ದ. ರೈಲ್ವೆಯಲ್ಲಿ ಕಾಲು ಹೋದ ಮೇಲೆ ಅವನಿಗೆ ಉಳಿದಿರುವುದು ಬಾಯೊಂದೇ. ಆಟ ಮುಗಿದ ಮೇಲೆ ಕಿಟಕಿಗೆ ಬಂದು ಬಡಿದ.

"ಆಗಸ್ಟಾ, ದುಡ್ಡು ವಾಪಸ್ ಬೇಡ. ನನ್ ಮಧ್ಯಾಹ್ನ ವಾಪಸ್ ಕೊಡು, ಸಾಕು."

"ಮಧ್ಯಾಹ್ನ ಇಟ್ಕೊಂಡು ನೀನೇನ್ ಮಾಡ್ತಿದ್ದೆ?"

"ಮಲಗ್ತಿದ್ದೆ. ಇಲ್ಲೂ ಮಲಗಿದ್ದೆ. ನಿನ್ ಮಗ ಹೊಡೆದ ಸದ್ದಿಗೆ ಎಚ್ಚರಾಯ್ತು ನೋಡು."

ಸಂಜೆಗೆ ಹುರಿದ ಹಂದಿಮಾಂಸ, ಹುಳಿ ಎಲೆಕೋಸು, ಆಲೂಗಡ್ಡೆಯ ಕಡುಬು ಮಾಡಿದ್ದೆ. ಯಾರಿಗಾಗಿಯೂ ಅಲ್ಲ. ಅಂದು ಭಾನುವಾರ. ಎಲೆಕೋಸು ಆರಿದ ಮೇಲೆ ಓರ್ವಿಲ್‌ನನ್ನು ಕರೆದು ಕೂರಿಸಿದೆ. ಎರಡು ತಟ್ಟೆಯಲ್ಲಿದ್ದುದನ್ನೂ ಅವನೇ ತಿಂದು ಮುಗಿಸಿದ. ಊಟದ ನಡುವೆ ಒಂದು ಮಾತನ್ನೂ ಆಡಲಿಲ್ಲ. ಒಳ್ಳೆಯ ಮನುಷ್ಯ.

ನಿನ್ನ ತಾಯಿ,
ಆಗಸ್ಟಾ ರೀಮರ್


ಕೊಲ್ಟನ್
9 ಆಗಸ್ಟ್ 1953

ಅಮ್ಮ,

ಇಷ್ಟು ದಿನ ಬರೆಯಲಿಲ್ಲ. ಏನು ಬರೆದರೂ ಅರ್ಧಕ್ಕೇ ಹರಿದು ಹಾಕುತ್ತಿದ್ದೆ.

ಅಂದು ಊಟಕ್ಕೆ ಬಂದಿದ್ದೆ. ಮನೆಯ ಬೇಲಿಯವರೆಗೂ ಬಂದೆ. ಅಡುಗೆಮನೆಯ ಕಿಟಕಿಯಲ್ಲಿ ನೀನು ಓಡಾಡುವುದು ಕಾಣುತ್ತಿತ್ತು, ಎಲೆಕೋಸಿನ ವಾಸನೆ ಬೀದಿಗೆ ಬರುತ್ತಿತ್ತು. ಅಂಗಳದಲ್ಲಿ ಬಸ್ಸು ನಿಂತಿತ್ತು. ನಾನು ಚಿಕ್ಕವನಿದ್ದಾಗ ನನ್ನ ಸೈಕಲ್ ನಿಲ್ಲಿಸುತ್ತಿದ್ದ ಜಾಗದಲ್ಲೇ. ಅದನ್ನು ದಾಟಿ ಬಾಗಿಲಿಗೆ ಬರಲು ನನ್ನಿಂದ ಆಗಲಿಲ್ಲ.

ಇಲ್ಲಿ ಸುದ್ದಿ ಇದೆ. ನಾವು ಮೂರನೆಯ ಸ್ಥಾನದಲ್ಲಿದ್ದೇವೆ, ಮೊದಲ ನಾಲ್ಕು ತಂಡಗಳ ಕೊನೆಯ ಸರಣಿಗೆ ಹೋಗುವುದು ಖಚಿತ. ದೊಡ್ಡ ಲೀಗಿನ ಒಂದು ತಂಡದವರು ಆಟಗಾರರನ್ನು ಆರಿಸಲು ಒಬ್ಬನನ್ನು ಕಳಿಸುತ್ತಾರೆ. ಹುಲ್ಲಿನ ಟೋಪಿಯ ಮನುಷ್ಯ. ಕಳೆದ ವಾರ ಒಂದು ಆಟ ನೋಡಿ ಹೋದ. ಹೋಗುವಾಗ ನಮ್ಮ ಮ್ಯಾನೇಜರನ್ನು ಕೇಳಿದನಂತೆ, "ಹಾರನ್ ಹೊಡೆಸ್ಕೊಳ್ಳೋ ಹುಡುಗ ಸರಣೀಲಿ ಆಡ್ತಾನಾ?" "ಆಡ್ತಾನೆ." "ಹಾಗಿದ್ರೆ ಆವಾಗ್ ಬರ್ತೀನಿ." ಇಷ್ಟೇ. ಇಷ್ಟಕ್ಕೇ ನನಗೆ ಎರಡು ದಿನ ಊಟ ಸೇರಲಿಲ್ಲ. ಇಪ್ಪತ್ತೊಂದು ವರ್ಷವಾಯಿತು, ಮೊಣಕಾಲು ಈಗಲೇ ಮಳೆ ಬರುವುದನ್ನು ಹೇಳುತ್ತದೆ. ಇನ್ನೊಂದು ಅವಕಾಶ ಬರುತ್ತದೋ ಇಲ್ಲವೋ.

ಸರಣಿಯ ನಿಯಮ ನಿನಗೆ ಗೊತ್ತಲ್ಲ, ಲೀಗಿನ ಕೊನೆಯ ದಿನ ಹೆಸರು ಯಾವ ತಂಡದಲ್ಲಿರುತ್ತದೋ ಆ ತಂಡಕ್ಕೆ ಮಾತ್ರ ಆಡಬಹುದು. ಸದ್ಯ ನನ್ನದು ಇಲ್ಲಿದೆ. ಹೇಗುಡ್ ಮನಸ್ಸು ಹೇಳಲಾಗದು. ಮುದುಕ ಡೋಬ್ಸ್‌ನ ಹೆಬ್ಬೆರಳು ವಾಸಿಯಾಗಿ ಅವನೂ ಈಗ ಕ್ಯಾಚರ್ ಕೆಲಸಕ್ಕೆ ತಯಾರು. ಹೊಸ ಬಸ್ಸಿನ ಎಂಜಿನ್ ಸುಟ್ಟುಹೋಗಿದೆ. ಹುಡುಗರು ಹೇಳುವಂತೆ, ಹೇಗುಡ್‌ಗೆ ಈಗ ಇಬ್ಬರು ಕ್ಯಾಚರ್, ಸೊನ್ನೆ ಬಸ್ಸು.

ನಿಮ್ಮ ಆಟಗಳ ಫಲಿತಾಂಶ ದಿನವೂ ನೋಡುತ್ತೇನೆ. ವೆಂಡೆಲ್‌ನಿಗೆ ಹೇಳು, ಕಣ್ಣು ಮುಚ್ಚಿದರೆ ಚೆಂಡು ಹೆಚ್ಚು ನೋಯಿಸುತ್ತದೆ.

ಎಲ್ಡನ್ ರೀಮರ್


ಮಾರ್ಬರಿ
5 ಸೆಪ್ಟೆಂಬರ್ 1953

ಎಲ್ಡನ್,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಯಾವನಾದರೊಬ್ಬ ಹುಡುಗ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದ. ಇಬ್ಬರು ಕಾಲೇಜು ತೆರೆಯಿತೆಂದು ಹೋದರು. ಒಬ್ಬನನ್ನು ಅವನ ಅಪ್ಪ ಜೋಳದ ಕಟಾವಿಗೆ ಕರೆದುಕೊಂಡು ಹೋದ. ಒಬ್ಬನಿಗೆ ಸೈನ್ಯದ ಕರೆ ಬಂತು. ಇನ್ನೊಬ್ಬ ಏನೂ ಹೇಳದೆ ಹೋದ. ಅವನ ಬಟ್ಟೆ ಒಗೆದು ಮಡಚಿಟ್ಟಿದ್ದೇನೆ, ವಿಳಾಸವಿಲ್ಲ.

ಜನವೂ ಇಲ್ಲ. ಲುಂಡ್ ಅವರ ಮನೆಗೆ ಟೆಲಿವಿಷನ್ ಬಂದಿದೆ, ಬೀದಿಯವರೆಲ್ಲ ಅವರ ಪಡಸಾಲೆಯಲ್ಲಿ ಕೂತು ದೊಡ್ಡ ಲೀಗಿನ ಆಟ ನೋಡುತ್ತಾರೆ. ಪುಕ್ಕಟೆ ನೋಡುವವರಿಗೆ ಕೊನೆಯ ಸ್ಥಾನದ ತಂಡವನ್ನು ತೋರಿಸಿ ದುಡ್ಡು ಕೇಳುವುದು ನನಗೇ ಕಷ್ಟವಾಗುತ್ತಿದೆ. ಆದರೂ ದಿನವೂ ಕಿಟಕಿ ತೆರೆಯುತ್ತೇನೆ.

ನಿನ್ನೆ ವೆಂಡೆಲ್ ಬೆರಳು ಮುರಿದುಕೊಂಡ. ಕಣ್ಣು ತೆರೆದೇ ಇದ್ದ. ನಿನ್ನ ಮಾತು ತಲುಪಿಸಿದ್ದೆ.

ಈಗ ಕ್ಲೀಟಸ್‌ನನ್ನೂ ಸೇರಿಸಿ ಎಂಟು ಜನ. ಇಂದು ಮಳೆ, ನಾಳೆ ಆಟವಿಲ್ಲ. ಸೋಮವಾರ ಕಾರ್ಮಿಕರ ದಿನದ ರಜೆ, ಫೇರ್‌ಲೀ ತಂಡ ಇಲ್ಲಿಗೆ ಬರುತ್ತದೆ. ಅದು ಕೊನೆಯ ಆಟ. ಒಂಬತ್ತು ಮಂದಿ ಇಲ್ಲದಿದ್ದರೆ ಅಂಪೈರ್ ಆಟ ಆರಂಭಿಸುವುದಿಲ್ಲ, ತಂಡ ಬಾರದ ಲೆಕ್ಕವೇ. ಹೊರಗಿನವರ ಹೆಸರು ಸೇರಿಸುವ ಗಡುವು ಹೋದ ತಿಂಗಳೇ ಮುಗಿದಿದೆ. ಲೀಗಿನ ಬೇರೆ ತಂಡದವರು ತಮ್ಮ ಆಟಗಾರನನ್ನು ಕೊಟ್ಟರೆ ಮಾತ್ರ ಸರಿ. ಕೊನೆಯ ಸ್ಥಾನದವರಿಗೆ ಕೊನೆಯ ದಿನ ಯಾರು ಕೊಡುತ್ತಾರೆ?

ಬೆಳಗ್ಗೆ ಹೇಗುಡ್ ಮಳೆಯಲ್ಲೇ ಕಾರು ಮಾಡಿಕೊಂಡು ಬಂದಿದ್ದ. ಬಸ್ಸಿನ ಸುತ್ತ ಒಂದು ಸುತ್ತು ಬಂದು, ಟೈರಿಗೆ ಒದ್ದು ನೋಡಿದ. ಒಳಗೆ ಕರೆದು ಕಾಫಿ ಕೊಟ್ಟೆ. ಮಾತಾಯಿತು. ವ್ಯವಹಾರದ ಮಾತು, ಅದರಲ್ಲಿ ನಿನಗೆ ಬೇಕಾದದ್ದೇನೂ ಇಲ್ಲ. ಹೋಗುವಾಗ ತನ್ನ ಟೋಪಿಯನ್ನು ಇಲ್ಲಿಯೇ ಮರೆತು, ಮಳೆಯಲ್ಲಿ ನೆನೆದುಕೊಂಡೇ ಕಾರು ಹತ್ತಿದ.

ನಿನ್ನ ಮೊಣಕಾಲಿಗೆ ಬಿಸಿ ಉಪ್ಪಿನ ಕಾವು ಕೊಡು. ಹುಲ್ಲಿನ ಟೋಪಿಯವನ ಮುಂದೆ ಕುಂಟಬೇಡ.

ನಿನ್ನ ತಾಯಿ,
ಆಗಸ್ಟಾ ರೀಮರ್


ಮಾರ್ಬರಿ
8 ಸೆಪ್ಟೆಂಬರ್ 1953

ಎಲ್ಡನ್,

ಪತ್ರಿಕೆಯಲ್ಲಿ ನೋಡಿರುತ್ತೀಯ. ಒಂಬತ್ತು–ಸೊನ್ನೆ. ಬೇರೆಯವರ ಬಾಯಿಂದ ತಿರುಚಿದ ಕಥೆ ಕೇಳುವ ಮೊದಲು ನಡೆದದ್ದನ್ನು ಬರೆಯುತ್ತೇನೆ.

ಕೊನೆಯ ದಿನವೆಂದು ಜನ ಬಂದಿದ್ದರು. ಇಡೀ ಬೇಸಿಗೆಯಲ್ಲಿ ಬಾರದವರೂ ಬಂದಿದ್ದರು. ಶವ ನೋಡಲು ಬಂದವರ ಹಾಗೆ ಚೆನ್ನಾಗಿ ಬಟ್ಟೆ ಹಾಕಿಕೊಂಡಿದ್ದರು. ಓರ್ವಿಲ್ ಬೆಳಗ್ಗೆಯಿಂದ ಸುಣ್ಣದ ಗೆರೆ ಎಳೆದಿದ್ದ. ಅಷ್ಟು ನೇರವಾದ ಗೆರೆ ಈ ವರ್ಷ ಎಳೆದಿರಲಿಲ್ಲ. ಹುಡುಗರಿಗೆ ಇಸ್ತ್ರಿ ಮಾಡಿದ ಬಟ್ಟೆ ಕೊಟ್ಟೆ. ಎಂಟು ಜನವೂ ಓಡಿಹೋಗಿ ತಮ್ಮ ತಮ್ಮ ಜಾಗದಲ್ಲಿ ನಿಂತರು. ಬ್ಯಾಟುಗಾರನ ಹಿಂದಿನ ಜಾಗ ಖಾಲಿ ಇತ್ತು.

ಅಂಪೈರ್ ಗಡಿಯಾರ ತೆಗೆದು ಕಾದ. ಸಭ್ಯ ಮನುಷ್ಯ, ನಿಯಮಕ್ಕಿಂತ ಹೆಚ್ಚೇ ಕಾದ. ಟೈಸ್ ಊರುಗೋಲು ಊರಿ ಎದ್ದ.

"ಏನಯ್ಯಾ, ಹಿಂದೆ ಕೂರೋ ಕೆಲ್ಸ ತಾನೆ? ನನ್ ಹೆಸರು ಬರ್ಕೋ. ಕೂರೋಕೆ ಒಂದ್ ಕಾಲು ಸಾಕು."

ಜನ ನಕ್ಕರು. ಅಂಪೈರನೂ ನಕ್ಕ. "ಆಗಲ್ಲ ತಾತ, ಹೆಸರು ಸೇರಿಸೋ ಗಡುವು ಮುಗ್ದಿದೆ."

"ಗಡುವು ಮುಗ್ದಿರೋದು ನಂಗೂ ಗೊತ್ತು. ನಂದೇ ಮುಗ್ದಿದೆ. ಆದ್ರೂ ಕೇಳ್ದೆ."

ಪಿಚರ್ ಹುಡುಗನಿಗೆ ಏನನ್ನಿಸಿತೋ, ಚೆಂಡನ್ನು ಒಮ್ಮೆ ಎಸೆದೇಬಿಟ್ಟ. ಹಿಡಿಯುವವರಿಲ್ಲದೆ ಅದು ನೇರ ಹೋಗಿ ಹಿಂದಿನ ಹಲಗೆಗೆ ಬಡಿದು ಮಣ್ಣಿನಲ್ಲಿ ನಿಂತಿತು. ಒಳ್ಳೆಯ ಎಸೆತ. ಈ ವರ್ಷ ಅವನು ಎಸೆದದ್ದರಲ್ಲಿ ಅದೇ ಒಳ್ಳೆಯದು. ಅಂಪೈರ್ ಗಡಿಯಾರವನ್ನು ಜೇಬಿಗೆ ಹಾಕಿ, ನನ್ನ ಕಡೆ ನೋಡಿ ಟೋಪಿ ತೆಗೆದ. ಕ್ಲೀಟಸ್ ಹುಡುಗರನ್ನು ಒಳಕ್ಕೆ ಕರೆದ. ಅವರು ನಡೆದು ಬರಲಿಲ್ಲ, ಗೆದ್ದವರ ಹಾಗೆ ಓಡಿ ಬಂದರು. ಹಾಗೆ ಬರಬೇಕೆಂದು ನಾನು ಮೊದಲೇ ಹೇಳಿದ್ದೆ.

ದುಡ್ಡು ವಾಪಸ್ಸು ಕೊಡಲು ಕಿಟಕಿ ತೆರೆದು ಕೂತೆ. ಯಾರೂ ಕೇಳಲಿಲ್ಲ. ಟೈಸ್ ಮಾತ್ರ ಬಂದ.

"ನಿನ್ ಗಂಡ ಓಟೋ ಇದ್ದಿದ್ರೆ ಎಲ್ಲಿಂದಾದ್ರೂ ಒಬ್ಬನನ್ನ ಎಳ್ಕೊಂಡ್ ಬರ್ತಿದ್ದ," ಅಂದ.

"ಓಟೋ ಇಲ್ಲ," ಅಂದೆ.

"ನೀನೂ ಎಳ್ಕೊಂಡ್ ಬರೋಳೇ ಆಗಸ್ಟಾ. ನಂಗೆ ನೀನು ಗೊತ್ತು."

ಕಿಟಕಿ ಹಾಕಿದೆ.

ಹೀಗಾಯಿತು. ಇದರ ಬಗ್ಗೆ ನೀನು ಏನೂ ಬರೆಯಬೇಕಾಗಿಲ್ಲ. ಸರಣಿಯ ಮೇಲೆ ಗಮನವಿಡು.

ನಿನ್ನ ತಾಯಿ,
ಆಗಸ್ಟಾ ರೀಮರ್


ಕೊಲ್ಟನ್
13 ಸೆಪ್ಟೆಂಬರ್ 1953

ಅಮ್ಮ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ.

ಮಂಗಳವಾರ ಬೆಳಗ್ಗೆ ಪತ್ರಿಕೆ ತೆರೆದು ಆ ಅಂಕೆ ನೋಡಿದೆ. ಅಚ್ಚಿನ ತಪ್ಪು ಎಂದುಕೊಂಡೆ. ಅಷ್ಟರಲ್ಲಿ ಹೇಗುಡ್ ಕೋಣೆಗೆ ಬಂದ. ನಮ್ಮನ್ನು ಸರಣಿಗೆ ಕರೆದೊಯ್ಯಲು ಯಾರದೋ ಸೋಫಾ ಸಾಗಿಸುವ ಲಾರಿ ಗೊತ್ತುಮಾಡಿ, ಅದರ ಸಿಟ್ಟಿನಲ್ಲಿದ್ದ.

"ನಿಮ್ಮಮ್ಮಂಗೆ ತಲೆ ಸರಿ ಇಲ್ಲ ಕಣೋ ಬಸ್ಸು," ಅಂದ. "ನಾನೇ ಹೋಗಿದ್ದೆ ಶನಿವಾರ. ಬಸ್ಸು ವಾಪಸ್ ಕೊಡಿ, ಮಗನ್ನ ವಾಪಸ್ ತಗೊಳ್ಳಿ ಅಂದೆ. ಸೋಮವಾರ ಒಂಬತ್ ಜನ ಆಗ್ತಾರೆ, ತಂಡ ಉಳಿಯತ್ತೆ, ಆಮೇಲೆ ಬಸ್ ಇಟ್ಕೊಂಡು ನೀವೇನ್ ಮಾಡ್ತೀರಿ ಅಂದೆ. ಕಾಗದಾನೂ ತಂದಿದ್ದೆ, ಸಹಿ ಹಾಕೋದಷ್ಟೇ. ಏನಂದ್ರು ಗೊತ್ತಾ?"

"ಏನಂದ್ಲು?"

"ಅವ್ನು ಸರಣೀಲಿ ಆಡೋಕಾಗತ್ತಾ ಆಮೇಲೆ ಅಂದ್ರು. ಆಗಲ್ಲ ಅಂದೆ. ಕಾಫಿ ಇನ್ನೊಂದ್ ಲೋಟ ಹಾಕಿದ್ರು. ಹಾಕಿ, 'ಬಸ್ಸು ಮಾರಾಟಕ್ಕಿಲ್ಲ ಮಿಸ್ಟರ್ ಹೇಗುಡ್' ಅಂದ್ರು. ಅಷ್ಟೇ. ಆ ಡಕೋಟಾ ಬಸ್ಸಿಗೆ!"

ಬೂಟಿನ ದಾರ ಕಟ್ಟುತ್ತಿದ್ದ ಡೋಬ್ಸ್ ತಲೆ ಎತ್ತದೆ, "ಎಲ್ಡನ್, ಇವತ್ತು ನೀನೇ ಹಿಂದೆ ಕೂರು. ನನ್ ಹೆಬ್ಬೆರಳು ನೋಯ್ತಿದೆ," ಅಂದ. ಅವನ ಹೆಬ್ಬೆರಳಿಗೆ ಏನೂ ಆಗಿರಲಿಲ್ಲ. ಅಂದಿನಿಂದ ನನ್ನನ್ನು ಇಲ್ಲಿ ಯಾರೂ ಬಸ್ಸು ಎನ್ನುತ್ತಿಲ್ಲ.

ನಾವು ಸರಣಿ ಸೋತೆವು. ಅದನ್ನೂ ನೋಡಿರುತ್ತೀಯ. ನಾನು ದೊಡ್ಡದೇನೂ ಮಾಡಲಿಲ್ಲ. ಪಿಚರ್ ಎಸೆಯುವಾಗಲೇ ಮುಂದಿನ ಬೇಸು ಕದಿಯಲು ಓಡಿದ ಮೂವರನ್ನು ಚೆಂಡೆಸೆದು ಔಟ್ ಮಾಡಿದೆ. ಶುಕ್ರವಾರ ಒಂದು ಒಳ್ಳೆಯ ಹೊಡೆತ ಬಿತ್ತು, ನಿನ್ನೆ ಒಂದೂ ಇಲ್ಲ. ಹುಲ್ಲಿನ ಟೋಪಿಯವನು ನಾಲ್ಕು ದಿನವೂ ಬಂದಿದ್ದ. ಹೋಗುವಾಗ ನನ್ನ ಮೊಣಕಾಲು ಒತ್ತಿ ನೋಡಿದ, ಕುದುರೆ ಕೊಳ್ಳುವವರ ಹಾಗೆ. ಮನೆಯ ವಿಳಾಸ ಕೇಳಿದ. ಇಲ್ಲಿಯ ಬಾಡಿಗೆ ಕೋಣೆಯದನ್ನು ಕೊಡಬೇಕೆಂದು ಬಾಯಿ ತೆರೆದೆ. ಬಂದದ್ದು ಮಾರ್ಬರಿಯದು.

ಒಂದು ಕೇಳಬೇಕು. ನಿನ್ನೆ ಎಂಟನೆಯ ಇನಿಂಗ್ಸಿನಲ್ಲಿ ನಾನು ಬ್ಯಾಟು ಹಿಡಿದು ಹೋದಾಗ ಕೊಲ್ಟನ್‌ನವರು ಯಾವಾಗಿನಂತೆ ಹಾರನ್ನು ಒತ್ತಿದರು. ಅವೆಲ್ಲ ನಿಂತ ಮೇಲೆ, ಬಲಬೇಲಿಯ ಆಚೆಯ ರಸ್ತೆಯಿಂದ ಇನ್ನೊಂದು ಕೇಳಿಸಿತು. ಉದ್ದನೆಯದು. ನಡುವೆ ಒಮ್ಮೆ ಉಸಿರು ಕಟ್ಟಿ ನಿಂತು ಮತ್ತೆ ಕೂಗಿತು. ತಿರುಗಿ ನೋಡಿದೆ, ಬಿಸಿಲು ಕಣ್ಣಿಗೆ ಬಿತ್ತು. ಬಸ್ಸಿನ ಮಾಡಿನ ಮೇಲೆ ಜನ ಕೂತಂತೆ ಕಂಡಿತು, ಏಳೆಂಟು ಮಂದಿ. ಆಟ ಮುಗಿಸಿ ಓಡಿ ಬರುವಷ್ಟರಲ್ಲಿ ರಸ್ತೆಯಲ್ಲಿ ಧೂಳು ಮಾತ್ರ ಇತ್ತು.

ನೀನು ಬಂದಿದ್ದೆಯಾ?

ಎಲ್ಡನ್


ಮಾರ್ಬರಿ
17 ಸೆಪ್ಟೆಂಬರ್ 1953

ಎಲ್ಡನ್,

ನಾನು ಬಂದಿರಲಿಲ್ಲ. ಶನಿವಾರ ಮನೆಯಲ್ಲಿ ಪೇರುಹಣ್ಣಿನ ಮುರಬ್ಬ ಮಾಡುತ್ತಿದ್ದೆ. ಊರು ಬಿಡುವ ಮೊದಲು ಒಂದು ಒಳ್ಳೆಯ ಆಟ ನೋಡಬೇಕೆಂದು ಹುಡುಗರು ಹಟ ಹಿಡಿದರು. ಬಸ್ಸು ಸುಮ್ಮನೆ ನಿಂತಿತ್ತು, ಹೋಗಿ ಅಂದೆ. ಹಾರನ್ನನ್ನು ಯಾರೂ ಒತ್ತಿಲ್ಲ. ಅದು ಹಳೆಯ ಬಸ್ಸು, ತಾನಾಗಿ ಕೂಗುತ್ತದೆ.

ಆ ಎಂಟನೆಯ ಇನಿಂಗ್ಸಿನಲ್ಲಿ ನೀನು ಮೂರನೆಯ ಚೆಂಡಿಗೆ ಎಡಭುಜವನ್ನು ಬೇಗ ಹೊರಕ್ಕೆ ತಿರುಗಿಸಿದೆ. ಅದಕ್ಕೇ ತಪ್ಪಿತು. ಹತ್ತು ವರ್ಷದವನಿದ್ದಾಗಲೂ ಹಾಗೆಯೇ ಮಾಡುತ್ತಿದ್ದೆ.

ಲೀಗಿನವರಿಂದ ಕಾಗದ ಬಂತು. ಮುಂದಿನ ವರ್ಷ ಮಾರ್ಬರಿಗೆ ತಂಡವಿಲ್ಲ. ಸಭ್ಯವಾಗಿ ಬರೆದಿದ್ದಾರೆ, ನಿನ್ನ ಅಪ್ಪನ ಹೆಸರನ್ನೂ ಹಾಕಿದ್ದಾರೆ. ಇಟ್ಟಿಗೆ ಕಾರ್ಖಾನೆಯವರು ಅಂಗಣದ ಜಾಗ ಕೇಳಿದರು. ಯೋಚಿಸುತ್ತೇನೆ ಅಂದೆ. ಓರ್ವಿಲ್ ಇನ್ನೂ ದಿನಾ ಬೆಳಗ್ಗೆ ಹೋಗಿ ಹುಲ್ಲಿಗೆ ನೀರು ಬಿಡುತ್ತಾನೆ. ನಾನು ಬೇಡವೆಂದಿಲ್ಲ. ಕ್ಲೀಟಸ್ ತನ್ನ ತಂಗಿಯ ಊರಿಗೆ ಹೋದ. ಹೋಗುವಾಗ, "ಮಿಸೆಸ್ ರೀಮರ್, ನಾನು ಒಳ್ಳೊಳ್ಳೆ ತಂಡಗಳಲ್ಲಿ ಸೋತಿದೀನಿ. ಇಷ್ಟು ಚೆನ್ನಾಗಿ ಒಗೆದ ಬಟ್ಟೆ ಹಾಕ್ಕೊಂಡು ಸೋತಿದ್ದು ಇದೇ ಮೊದಲು," ಅಂದ. ಟೈಸ್ ದಿನಾ ಮಧ್ಯಾಹ್ನ ಬಂದು ಖಾಲಿ ಕಟ್ಟೆಯ ಮೇಲೆ ಕೂರುತ್ತಾನೆ. ನಿದ್ದೆ ಇಲ್ಲೇ ಚೆನ್ನಾಗಿ ಬರುತ್ತದಂತೆ.

ನನಗೂ ದಣಿವಾಗಿದೆ. ಈ ಮಾತನ್ನು ಇನ್ನೊಮ್ಮೆ ಬರೆಯುವುದಿಲ್ಲ.

ನಿನ್ನ ಹೆಸರಿಗೆ ಒಂದು ಲಕೋಟೆ ಬಂದಿದೆ. ಮೂಲೆಯಲ್ಲಿ ದೊಡ್ಡ ಲೀಗಿನ ತಂಡದ ಗುರುತಿದೆ. ತೆರೆದಿಲ್ಲ. ಅಡುಗೆಮನೆಯ ಗಡಿಯಾರದ ಹಿಂದೆ ಇಟ್ಟಿದ್ದೇನೆ. ಅದನ್ನು ಅಂಚೆಯಲ್ಲಿ ಕೊಲ್ಟನ್‌ಗೆ ಕಳಿಸುವ ಧೈರ್ಯ ನನಗಿಲ್ಲ, ಅಂಚೆಯವರನ್ನು ನಂಬಲಾಗುವುದಿಲ್ಲ. ಬಂದು ತೆಗೆದುಕೋ.

ಭಾನುವಾರ ಓರ್ವಿಲ್ ನಿನ್ನ ಬಾಡಿಗೆ ಕೋಣೆಯ ಮುಂದೆ ಬಸ್ಸು ತರುತ್ತಾನೆ. ನಾನೂ ಮುಂದಿನ ಸೀಟಿನಲ್ಲಿರುತ್ತೇನೆ, ಅಲ್ಲಿಯ ಮಾರುಕಟ್ಟೆಯಲ್ಲಿ ಸ್ವಲ್ಪ ಕೆಲಸವಿದೆ. ಹಾರನ್ನು ಕೇಳಿದ ಕೂಡಲೇ ಹೊರಗೆ ಬಾ. ಕೈಗವಸು ಮರೆಯಬೇಡ. ನಮ್ಮನ್ನು ಕಾಯಿಸಬೇಡ, ಎಲೆಕೋಸು ಆರಿದರೆ ಚೆನ್ನಾಗಿರುವುದಿಲ್ಲ.

ನಿನ್ನ ತಾಯಿ,
ಆಗಸ್ಟಾ ರೀಮರ್